ಮುಂಬಯಿಯ ಮಳೆಗಾಲ ದಾಟುವ ಗಿಡದ ಪೆಟ್ಟಿಗೆ

ಕೊಳೆತ ಮರದ ಕುಂಡವೊಂದನ್ನು ಬಿಚ್ಚಿ ನೋಡಿ. ಹಲಗೆಯ ನಡುಭಾಗ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಉಗುರು ಒತ್ತಿದರೆ ಒಳಗೆ ಹೋಗುವುದು ಮೂರು ಕಡೆ: ಅಡ್ಡ ಕೊಯ್ದ ತುದಿ, ಕಾಲಿನ ಅಡಿ, ಮತ್ತು ಒಳಗಿನ ಪ್ಲಾಸ್ಟಿಕ್ ಹಾಳೆ ಮರಕ್ಕೆ ಅಂಟಿಕೊಂಡಿದ್ದ ಜಾಗ. ನಾಲ್ಕು ತಿಂಗಳಲ್ಲಿ ಎರಡು ಸಾವಿರ ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಮರ ಒದ್ದೆಯಾಗದಂತೆ ತಡೆಯಲು ಆಗುವುದಿಲ್ಲ. ಒದ್ದೆಯಾದದ್ದು ಮತ್ತೆ ಒಣಗುವಂತೆ ಕಟ್ಟಬಹುದು. ಕೆಳಗಿನ ಅಳತೆ, ಜೋಡಣೆ ಎಲ್ಲವೂ ಆ ಮೂರು ಜಾಗಗಳನ್ನು ನೋಡಿಕೊಂಡು ಮಾಡಿದವು.

ಮೊದಲು ಮರ. ಸುಲಭವಾಗಿ, ಅಗ್ಗಕ್ಕೆ ಸಿಗುವುದು ಪ್ಯಾಲೆಟ್‌ನ, ಅಂದರೆ ಸರಕು ಪೇರಿಸುವ ಮರದ ಅಡಿಹಲಗೆಯ, ಪೈನ್ ಹಲಗೆ. ನ್ಹಾವಾ ಶೇವಾ ಬಂದರಿಗೆ ಬರುವ ಸರಕಿನ ಜೊತೆ ಬಂದು ಭಿವಂಡಿಯ ಗೋದಾಮುಗಳಿಂದ ಹೊರಬೀಳುವಂಥದ್ದು. ಅದರ ಮೇಲೆ ಗೋಧಿ ತೆನೆಯಂಥ ಗುರುತಿರುವ ಮುದ್ರೆ ಹುಡುಕಿ. ಪಕ್ಕದಲ್ಲಿ 'ಎಚ್‌ಟಿ' ಎಂದಿದ್ದರೆ ಮರದ ಒಡಲಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಕನಿಷ್ಠ 30 ನಿಮಿಷ ಕೊಟ್ಟಿದ್ದಾರೆ ಎಂದರ್ಥ. 'ಎಂಬಿ' ಎಂದಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದು ಬೇಡ. ಎಚ್‌ಟಿ ಎಂದರೆ ಕೊಳೆಯದ ಮರ ಎಂದು ತಿಳಿಯಬೇಡಿ. ಶಾಖ ಕೊಟ್ಟ ಹೊತ್ತಿಗೆ ಒಳಗಿದ್ದ ಹುಳ ಸತ್ತಿರುತ್ತದೆ, ಅಷ್ಟೇ. ಬಣ್ಣ ಹಚ್ಚಿ ಜೋಡಿಸಿದರೆ ಪೈನ್ ಎರಡು-ಮೂರು ಮಳೆಗಾಲ ತಾಳುತ್ತದೆ.

ಅದಕ್ಕಿಂತ ಒಳ್ಳೆಯದು ಹಳೆಯ ಕಟ್ಟಡಗಳ ತೇಗ. ಗಿರಗಾಂವ್, ದಾದರ್, ಮಾಟುಂಗ ಕಡೆ ಹಳೆ ಬಿಲ್ಡಿಂಗು ಕೆಡವಿದಾಗ ಬಾಗಿಲು, ಕಿಟಕಿ ಚೌಕಟ್ಟು ಗುಜರಿಗೆ ಬರುತ್ತವೆ. ಹೊಸ ತೇಗದ ಬಿಳಿ ಅಂಚಿಗಿಂತ ಈ ಹಳೆಯ ಕೆಚ್ಚು, ಅಂದರೆ ಮರದ ನಡುವಿನ ಗಟ್ಟಿ ಭಾಗ, ಎಷ್ಟೋ ವಾಸಿ. ತೊಂದರೆ ಬಣ್ಣದ್ದು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣಗಿದ್ದಾಗ ಉಜ್ಜಿ ಧೂಳೆಬ್ಬಿಸಬೇಡಿ. ರಂಧಾ (ಮರ ಹೆರೆಯುವ ಉಜ್ಜುಗೊರಡು) ಹೊಡೆಸಿ ತೆಗೆಸಿ, ಇಲ್ಲವೇ ಬಣ್ಣವಿರುವ ಮರವನ್ನೇ ಬಿಟ್ಟುಬಿಡಿ. ಹೊಸದು ಕೊಳ್ಳುವವರಿಗೆ ರೇ ರೋಡ್ ಕಡೆ ಮರದ ಅಂಗಡಿಗಳಿವೆ. ಅಲ್ಲಿ ಮಿಲಿಮೀಟರ್ ಹೇಳಿದರೆ ಮುಖ ನೋಡುತ್ತಾರೆ. 'ಆರು ಸೂತ್' ಎನ್ನಿ, ಮುಕ್ಕಾಲು ಇಂಚು, ಅಂದರೆ 19 ಮಿ.ಮೀ. ಮರದ ಪುಡಿ ಒತ್ತಿ ಮಾಡಿದ ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಯಾವ ಕಾರಣಕ್ಕೂ ಬೇಡ. ಪ್ಲೈವುಡ್ಡೇ ಬೇಕೆಂದರೆ ಐಎಸ್ 710 ಎಂದು ಮುದ್ರೆಯಿರುವ ಮರೀನ್ ಪ್ಲೈ. ಮನೆಯೊಳಗಿನ ಬಳಕೆಯ ಎಂಆರ್ ದರ್ಜೆಯದು ಪದರ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ಪೆಟ್ಟಿಗೆಯ ಹೊರ ಅಳತೆ 600 × 220 ಮಿ.ಮೀ., ಹಲಗೆಗಳ ಎತ್ತರ 240. ಅದಕ್ಕೆ 120 ಮಿ.ಮೀ. ಅಗಲ, 20 ಮಿ.ಮೀ. ದಪ್ಪದ ಹಲಗೆ ಒಟ್ಟು ನಾಲ್ಕೂವರೆ ಮೀಟರ್ ಸಾಕು. ಉದ್ದದ ಬದಿಗೆ 600ರ ನಾಲ್ಕು, ಕಿರಿಯ ಬದಿಗೆ 180ರ ನಾಲ್ಕು, ತಳಕ್ಕೆ 178ರ ಐದು ತುಂಡು. ಮೂಲೆಯ ಕಂಬಕ್ಕೆ 30 × 30ರ ರೀಪು, 260 ಉದ್ದದ ನಾಲ್ಕು. ತಳ ಹೊರುವುದಕ್ಕೆ 25 × 20ರ ರೀಪು, 500 ಉದ್ದದ ಎರಡು. ಸ್ಕ್ರೂ ಎಂಟನೇ ನಂಬರಿನ ಸ್ಟೇನ್‌ಲೆಸ್: 40 ಮಿ.ಮೀ.ಯವು 32, 32 ಮಿ.ಮೀ.ಯವು 8. ನಾಗದೇವಿ ಸ್ಟ್ರೀಟಿನಲ್ಲಿ ಎರಡೂ ಸಿಗುತ್ತವೆ. ಸಾಮಾನ್ಯಕ್ಕೆ 304 ದರ್ಜೆ ಸಾಕು. ಸಮುದ್ರಕ್ಕೆ ಮುಖ ಮಾಡಿದ ಬಾಲ್ಕನಿಗೆ 316. ಜಿಪ್ಸಂ ಬೋರ್ಡಿಗೆ ಬಳಸುವ ಕಪ್ಪು ಸ್ಕ್ರೂ ಅಗ್ಗವೆಂದು ತರಬೇಡಿ. ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು, ಬಿಚ್ಚಲು ಹೋದರೆ ತಲೆ ಮುರಿಯುತ್ತದೆ.

ಹಲಗೆಯ ತುದಿಗೆ ನೇರವಾಗಿ ಸ್ಕ್ರೂ ಹೊಡೆದು ಪೆಟ್ಟಿಗೆ ಕಟ್ಟುವುದು ಬಹಳ ಜನ ಮಾಡುವ ತಪ್ಪು. ಅಲ್ಲಿ ಎಳೆಗಳು ಸ್ಕ್ರೂ ಹೋಗುವ ದಿಕ್ಕಿಗೇ ಇರುವುದರಿಂದ ಹಿಡಿತ ಸಿಗುವುದಿಲ್ಲ. ಮಣ್ಣು ನೆನೆದು ಭಾರವಾದ ದಿನ ಮೂಲೆ ಬಾಯಿ ಬಿಡುತ್ತದೆ. ಮೂಲೆಗೆ ಕಂಬ ಕೊಡುವುದು ಇದೇ ಕಾರಣಕ್ಕೆ.

ಮೊದಲು ಕಿರಿಯ ಬದಿಗಳು. ಎರಡು ಕಂಬ ನೆಲದ ಮೇಲಿಟ್ಟು, ಅವುಗಳ ಹೊರ ಅಂಚಿಗೆ ಸರಿಯಾಗಿ 180ರ ಎರಡು ಹಲಗೆ ಕೂರಿಸಿ. ಕಂಬ ಕೆಳಗೆ 30 ಮಿ.ಮೀ. ಚಾಚಿರಬೇಕು, ಅದೇ ಕಾಲು. ಮೇಲೆ 10 ಮಿ.ಮೀ. ಕಡಿಮೆ ಇರಲಿ. ಪ್ರತಿ ಹಲಗೆಯ ಪ್ರತಿ ತುದಿಗೆ ಎರಡು ಸ್ಕ್ರೂ, ತುದಿಯಿಂದ 15 ಮಿ.ಮೀ. ಒಳಗೆ. ಇಷ್ಟು ಹತ್ತಿರ ತೂತಿಲ್ಲದೆ ಹೊಡೆದರೆ ಹಲಗೆ ಸೀಳುವುದು ಖಂಡಿತ. ಹಲಗೆಗೆ 4.5 ಮಿ.ಮೀ. ತೂತು, ಕಂಬಕ್ಕೆ 2.5, ತೇಗವಾದರೆ 3. ಹಲಗೆಯ ತೂತಿನಲ್ಲಿ ಸ್ಕ್ರೂ ಸಡಿಲವಾಗಿ ಜಾರಬೇಕು. ಹಾಗಿದ್ದರೆ ಮಾತ್ರ ಅದು ಹಲಗೆಯನ್ನು ಕಂಬಕ್ಕೆ ಎಳೆದು ಬಿಗಿಯುತ್ತದೆ. ಎರಡು ಕಡೆಯೂ ಬಿಗಿ ತೂತಿದ್ದರೆ ನಡುವೆ ಸಂದಿ ಉಳಿದು, ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ.

ಆಮೇಲೆ ಉದ್ದದ ಹಲಗೆ. ಕಿರಿಯ ಹಲಗೆಯ ತುದಿಯನ್ನು ಇದು ಮುಚ್ಚುತ್ತದೆ, ಹಾಗಾಗಿ ಮಳೆಗೆ ಒಡ್ಡಿಕೊಳ್ಳುವ ತುದಿ ಅರ್ಧಕ್ಕರ್ಧ ಕಡಿಮೆ. ಇಲ್ಲಿ ತೂತು ತುದಿಯಿಂದ 35 ಮಿ.ಮೀ.ಗೆ: ಕಿರಿಯ ಹಲಗೆಯ ದಪ್ಪ 20, ಕಂಬದ ಅರ್ಧ 15. ಒಂದೇ ಕಂಬಕ್ಕೆ ಎರಡು ಕಡೆಯಿಂದ ಸ್ಕ್ರೂ ಬರುವುದರಿಂದ ಎತ್ತರ ಬೇರೆ ಬೇರೆ ಇಡಬೇಕು. ಪ್ರತಿ ಹಲಗೆಯ ಕೆಳ ಅಂಚಿನಿಂದ ಕಿರಿಯ ಬದಿಗೆ 45 ಮತ್ತು 75, ಉದ್ದದ ಬದಿಗೆ 25 ಮತ್ತು 95. ಇದನ್ನು ಮರೆತರೆ ಉದ್ದದ ಬದಿಯ ಸ್ಕ್ರೂ ಒಳಗೆ ಲೋಹಕ್ಕೆ ತಾಗಿ ನಿಲ್ಲುತ್ತದೆ, ಡ್ರಿಲ್ ಒತ್ತಿದರೆ ತಲೆಯ ತೋಡು ಸವೆಯುತ್ತದೆ. ಪೂರ್ತಿ ಬಿಗಿಯುವ ಮೊದಲು ಕರ್ಣ ಅಳೆಯಿರಿ. ಎರಡೂ 639ರ ಆಸುಪಾಸಿನಲ್ಲಿ ಒಂದೇ ಇರಬೇಕು.

ಫೆಬ್ರವರಿ-ಮಾರ್ಚ್‌ನ ಒಣ ಹವೆಯಲ್ಲಿ ಕಟ್ಟುವುದಾದರೆ ಮೇಲಿನ ಮತ್ತು ಕೆಳಗಿನ ಹಲಗೆ ನಡುವೆ 2 ಮಿ.ಮೀ. ಬಿಡಿ. ಜುಲೈಯಲ್ಲಿ ಹಲಗೆ ಅಗಲಕ್ಕೆ ಉಬ್ಬುತ್ತದೆ, ಜಾಗವಿಲ್ಲದಿದ್ದರೆ ಸ್ಕ್ರೂವನ್ನೇ ತಳ್ಳುತ್ತದೆ. ಮಳೆಗಾಲದಲ್ಲೇ ಕಟ್ಟಿದರೆ ಒತ್ತಿ ಕೂರಿಸಿ, ಸಂದಿ ತಾನಾಗಿ ಬರುತ್ತದೆ.

ತಳ ಹೊರುವ ರೀಪುಗಳನ್ನು ಉದ್ದದ ಹಲಗೆಗಳ ಒಳಗೆ, ಕೆಳ ಅಂಚಿಗೆ ಸಮವಾಗಿ, ಕಂಬಗಳ ನಡುವೆ 32ರ ಸ್ಕ್ರೂನಿಂದ ಕೂರಿಸಿ. ಅಲ್ಲಿ 40ರದ್ದು ಹೊರಗೆ ಮುಳ್ಳಿನಂತೆ ಬರುತ್ತದೆ. ಐದು ತುಂಡುಗಳಲ್ಲಿ ಒಂದನ್ನು 50 ಮಿ.ಮೀ. ಅಗಲಕ್ಕೆ ಸೀಳಿ. ನಾಲ್ಕು ಪೂರ್ತಿ, ಒಂದು ಸೀಳು, ಒಟ್ಟು 530. ಒಳಗಿನ ಉದ್ದ 560. ಉಳಿದ 30 ಮಿ.ಮೀ. ನಾಲ್ಕು ಸಂದಿಗೆ ಹಂಚಿದರೆ ತಲಾ ಏಳೂವರೆ, ನೀರು ಇಳಿಯಲು ಬೇರೆ ತೂತು ಬೇಕಿಲ್ಲ. ತುದಿಯ ಎರಡು ತುಂಡುಗಳ ಮೂಲೆಯಲ್ಲಿ ಕಂಬಕ್ಕೆಂದು 32 ಮಿ.ಮೀ. ಚೌಕ ಕತ್ತರಿಸಬೇಕು. ಈ ತುಂಡುಗಳಿಗೆ ಸ್ಕ್ರೂ ಹೊಡೆಯಬೇಡಿ, ಸುಮ್ಮನೆ ಇಡಿ. ಮೊದಲು ಕೊಳೆಯುವುದು ತಳವೇ; ಪೆಟ್ಟಿಗೆ ಬಿಚ್ಚದೆ ಅದೊಂದನ್ನೇ ಬದಲಿಸಬಹುದು.

ಬಣ್ಣಕ್ಕೆ ಮುನ್ನ ಪಾಲಿಶ್ ಪೇಪರ್, ಮೊದಲು 80ರದ್ದು, ಅದರ ಮೇಲೆ 120ರದ್ದು. ವುಡ್ ಪ್ರೈಮರ್ ಒಂದು ಕೋಟ್, ಎನಾಮೆಲ್ ಎರಡು. ಮರದ ಬಣ್ಣವೇ ಕಾಣಬೇಕೆಂದರೆ ಹೊರಾಂಗಣದ ಪಿಯು (ಪಾಲಿಯುರೆಥೇನ್) ಪಾಲಿಶ್. ಅರಗಿನಿಂದ ಮಾಡುವ ಚಪಡಾ ಪಾಲಿಶ್ ನೀರು ತಾಗಿದರೆ ಬೆಳ್ಳಗಾಗುತ್ತದೆ. ಕೊಯ್ದ ತುದಿಗಳಿಗೂ ಕಾಲಿನ ಅಡಿಗೂ ಮೊದಲ ಕೋಟ್ ತೆಳುವಾಗಿ ಹಚ್ಚಿ, ಮರ ಕುಡಿದ ಮೇಲೆ ಇನ್ನೊಂದು, ಮತ್ತೊಂದು. ಜೋಡಿಸುವ ಮೊದಲೇ ಇದು ಆಗಬೇಕು, ಜೋಡಿಸಿದ ಮೇಲೆ ಒಳ ತುದಿಗೆ ಕುಂಚ ಹೋಗುವುದಿಲ್ಲ. ಕಾಲಿನ ಅಡಿಗೆ ಕುರ್ಚಿಗೆ ಹಾಕುವ ರಬ್ಬರ್ ಬುಷ್ ಬಿಗಿದರೆ ಟೈಲ್ಸಿನ ಮೇಲಿನ ನೀರು ಮೇಲೇರದು. ಸುಟ್ಟ ಎಂಜಿನ್ ಆಯಿಲ್ ಬಳಿದರೆ ಹುಳ ಬರುವುದಿಲ್ಲ ಎಂದು ಹೇಳುವವರಿದ್ದಾರೆ. ತಿನ್ನುವ ಕೊತ್ತಂಬರಿ ಬೆಳೆಯುವ ಪೆಟ್ಟಿಗೆಗೆ ಅದು ಬೇಡವೇ ಬೇಡ.

ಒಳಗೆ ಪೂರ್ತಿ ಪ್ಲಾಸ್ಟಿಕ್ ಹೊದಿಸುವುದು ಮರಕ್ಕೆ ಉಪಕಾರವಲ್ಲ. ಎಲ್ಲೋ ಒಂದು ತೂತಿನಿಂದ ಹಿಂದೆ ಇಳಿದ ನೀರಿಗೆ ಹೊರದಾರಿ ಇರುವುದಿಲ್ಲ. ನಾಲ್ಕು ಬದಿಗೆ ಮಾತ್ರ ದಪ್ಪ ಹಾಳೆ, ತಳಕ್ಕೆ ಹಸಿರು ಶೇಡ್ ನೆಟ್ ಎರಡು ಪದರ. ಸ್ಟೇಪಲ್ ಪಿನ್ನುಗಳೆಲ್ಲ ಮಣ್ಣಿನ ಮಟ್ಟಕ್ಕಿಂತ ಮೇಲೆ ಬರಲಿ. ಹಾಳೆಯ ಕೆಳ ಅಂಚು ತಳದ ಸಂದಿಯ ಹತ್ತಿರ ಸಡಿಲವಾಗಿ ನಿಂತರೆ ಹಿಂದೆ ಸೇರಿದ ನೀರು ಇಳಿದು ಹೋಗುತ್ತದೆ.

ಒಳಗಿನ ಆಳ 195 ಮಿ.ಮೀ. ಮೇಲೆ ಒಂದು ಇಂಚು ಬಿಟ್ಟರೆ ಸುಮಾರು 16 ಲೀಟರ್ ಹಿಡಿಸುತ್ತದೆ: ಕೆಂಪು ಮಣ್ಣು ಆರು, ನೆನೆಸಿ ಹಿಂಡಿದ ಕೋಕೋಪೀಟ್ ಆರು, ಎರೆಗೊಬ್ಬರ ನಾಲ್ಕು, ಒಂದು ಹಿಡಿ ಬೇವಿನ ಹಿಂಡಿ. ತಳಕ್ಕೆ ಜಲ್ಲಿ ಹಾಕುವ ಹಳೆಯ ಪದ್ಧತಿ ಬಿಡಿ. ನೀರು ಜಲ್ಲಿಯ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿನ ಜಾಗ ಮಾತ್ರ ಕಡಿಮೆಯಾಗುತ್ತದೆ. ಕೊತ್ತಂಬರಿ, ಮೆಂತ್ಯ, ಪುದೀನ, ದೊಡ್ಡಪತ್ರೆ, ಒಂದೆಲಗಕ್ಕೆ ಈ ಆಳ ಸಾಕು. ಬಸಳೆಗೆ ಸಾಲದು, ಹಬ್ಬುವುದಿರಲಿ, ಎಲೆಯೇ ಸಣ್ಣದಾಗುತ್ತದೆ. ಪುದೀನವನ್ನು ಒಂದು ಪೆಟ್ಟಿಗೆಯಲ್ಲಿ ಒಂದೇ ಇಡಿ, ಅದು ಪಕ್ಕದವರನ್ನು ಉಳಿಯಗೊಡುವುದಿಲ್ಲ.

ನೀರು ಕುಡಿದ ಪೆಟ್ಟಿಗೆ ಮರ ಸೇರಿ 25 ಕೆ.ಜಿ. ಹತ್ತಿರ ತೂಗುತ್ತದೆ. ಗ್ರಿಲ್ಲಿನ ಹೊರಗಾಗಲಿ, ಛಜ್ಜದ ಮೇಲಾಗಲಿ ಇಡಬೇಡಿ. ಒಳಗೆ, ನೆಲದ ಮೇಲೆ ಇರಲಿ. ಕೆಳಗಿನ ಮನೆಯವರ ಒಣಗಿದ ಬಟ್ಟೆಯ ಮೇಲೆ ಕೆಂಪು ನೀರು ತೊಟ್ಟಿಕ್ಕಿದರೆ ಸೊಸೈಟಿ ಮೀಟಿಂಗಿನವರೆಗೂ ಹೋಗುತ್ತದೆ, ಹಾಗಾಗಿ ಅಡಿಗೆ 65 × 28 ಸೆಂ.ಮೀ. ಟ್ರೇ ಬೇಕು. ಆ ಟ್ರೇಯ ನೀರನ್ನು ವಾರಕ್ಕೆರಡು ಸಲ ಚೆಲ್ಲಿ, ಬದಿಗಳನ್ನು ಉಜ್ಜಿ. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿಕೊಂಡಿರುತ್ತದೆ, ನೀರು ತಾಗಿದ ಮೇಲೆ ಹಾರುವ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಮುನಿಸಿಪಾಲಿಟಿಯವರು ಮನೆ ಮನೆಗೆ ಬಂದು ಕುಂಡದ ತಟ್ಟೆಯಲ್ಲಿ ಟಾರ್ಚ್ ಬಿಟ್ಟು ನೋಡುವುದು ಅದಕ್ಕೇ.

ಅಕ್ಟೋಬರ್ ಬಿಸಿಲು ಶುರುವಾದಾಗ ತಳದ ತುಂಡುಗಳನ್ನು ಹೊರತೆಗೆದು ಎರಡು ದಿನ ಒಣಗಿಸಿ, ಅಡಿಗೆ ಉಗುರು ಒತ್ತಿ ನೋಡಿ. ಮೆತ್ತಗಾದದ್ದನ್ನು ಬದಲಿಸಿ, ಕಾಲಿಗೆ ಒಂದು ಕೋಟ್ ಹಚ್ಚಿ, ಹೊಸ ಮೆಂತ್ಯ ಬಿತ್ತಿ.