ಪೋರ್ಚುಗಲ್‌ನಲ್ಲಿ ವೇಗ ನೋಡಿ ಕೆಂಪಾಗುವ ಸಿಗ್ನಲ್

ಪೋರ್ಚುಗಲ್‌ನ ಹಳೆಯ ರಾಷ್ಟ್ರೀಯ ರಸ್ತೆಗಳು ಊರುಗಳ ನಡುವೆಯೇ ಹಾದುಹೋಗುತ್ತವೆ. ವೇಗದ ಮಿತಿ ಊರಾಚೆ ಸಾಮಾನ್ಯವಾಗಿ ಗಂಟೆಗೆ 90 ಕಿ.ಮೀ., ಊರೊಳಗೆ 50. ಬದಿಯಲ್ಲಿ 'ವೆಲೊಸಿದಾದ್ ಕೊಂತ್ರೊಲಾದ' (ವೇಗ ನಿಯಂತ್ರಿತ) ಎಂಬ ಫಲಕ ಕಂಡರೆ ಮುಂದೆ ಸಿಗ್ನಲ್ ಇದೆ ಎಂದು ತಿಳಿಯಿರಿ. ಅಲ್ಲಿ ಅಡ್ಡರಸ್ತೆ ಇರಲೇಬೇಕೆಂದಿಲ್ಲ. ನೀವು 50 ಮೀರಿ ಬಂದರೆ ಅದು ಹಳದಿಯಾಗಿ ಕೆಂಪಾಗುತ್ತದೆ, ಕೆಲವು ಸೆಕೆಂಡು ನಿಲ್ಲಿಸಿ ಬಿಡುತ್ತದೆ.

ವೇಗ ಅಳೆಯುವುದು ಕಂಬಕ್ಕೆ ಕಟ್ಟಿದ ರೇಡಾರ್, ಇಲ್ಲವೇ ಡಾಂಬರಿನೊಳಗೆ ಹೂತ ತಂತಿಯ ಸುರುಳಿಗಳು. ರಸ್ತೆಯಲ್ಲಿ ಚೌಕಾಕಾರವಾಗಿ ಕೊಯ್ದು ಕಪ್ಪು ಅಂಟು ತುಂಬಿದ ಗೆರೆಗಳು ಕಂಡರೆ ಅವೇ ಸುರುಳಿಗಳು. ಎರಡರ ನಡುವೆ 3 ಮೀಟರ್ ಇದ್ದರೆ, 50ರಲ್ಲಿ ಬರುವ ಕಾರಿಗೆ 0.22 ಸೆಕೆಂಡು ಬೇಕು, 60ರಲ್ಲಿ 0.18. ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ನಿರ್ಧಾರ. ರಸ್ತೆ ಅಗೆಯುವಾಗ ತಂತಿ ತುಂಡಾದರೆ ಸಿಗ್ನಲ್‌ಗೆ ಕಣ್ಣೇ ಹೋದಂತೆ.

ಸುರುಳಿಯನ್ನು ಎಲ್ಲಿ ಹೂಳಬೇಕೆಂಬುದೇ ಇಲ್ಲಿ ನಿಜವಾದ ಕಸುಬು. ಅದು ಸಿಗ್ನಲ್‌ಗಿಂತ 100 ಮೀಟರ್ ಹಿಂದಿದ್ದರೆ, 70ರಲ್ಲಿ ಬರುವ ಕಾರು ಆ ದೂರ ದಾಟಲು ಸುಮಾರು 5 ಸೆಕೆಂಡು ಬೇಕು. 3 ಸೆಕೆಂಡು ಹಳದಿ ಕಳೆದರೂ ಕಾರು ಬರುವ ಮೊದಲೇ ಕೆಂಪು ಬಿದ್ದಿರುತ್ತದೆ. ಸುರುಳಿ 40 ಮೀಟರ್‌ನಲ್ಲೇ ಇದ್ದರೆ ಆ ಕಾರು ಹಳದಿಯಲ್ಲೇ ನುಗ್ಗಿಬಿಡುತ್ತದೆ, ಹಿಂದೆ 45ರಲ್ಲಿ ಶಿಸ್ತಾಗಿ ಬಂದವರು ಕೆಂಪಿಗೆ ಸಿಕ್ಕಿಬೀಳುತ್ತಾರೆ. ಹೀಗೆ ಎರಡು ಸಲ ಆದರೆ ಆ ಊರಿನವರಿಗೆ ಸಿಗ್ನಲ್ ಮೇಲಿನ ಗೌರವವೇ ಹೋಗುತ್ತದೆ.

ಫ್ರಾನ್ಸ್‌ನ 'ಫ್ಯೂ ರೆಕಂಪಾನ್ಸ್' ಇದರ ತಿರುಗುಮುರುಗು: ಸದಾ ಕೆಂಪಾಗಿದ್ದು, ಮಿತಿಯೊಳಗೆ ಬಂದವರಿಗೆ ಹಸಿರಾಗುತ್ತದೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಬ್ರೊಸಾರ್ಡ್‌ನಲ್ಲಿ 2022ರಲ್ಲಿ ಹಾಕಿದ್ದೂ ಇದೇ ಬಗೆಯದು. ಇದೇ ಮೇಲು. ಮುಂದೆ ಕೆಂಪು ಕಾಣುತ್ತಿರುವುದರಿಂದ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ನಮ್ಮೂರ ಹಂಪ್‌ಗಳಂತೆ ಆಂಬ್ಯುಲೆನ್ಸ್‌ನಲ್ಲಿ ಮಲಗಿರುವ ರೋಗಿಯ ಸೊಂಟವನ್ನೂ ಕುಲುಕಿಸುವುದಿಲ್ಲ.

ಪೋರ್ಚುಗಲ್‌ನಲ್ಲಿ ಕಾರು ಓಡಿಸುವವರು ಸಿಗ್ನಲ್ ಹಳದಿಯಾದದ್ದು ಕಂಡ ಮೇಲೆ ಬ್ರೇಕ್ ಒತ್ತಿದರೆ ತಡವಾಯಿತು. ಅಷ್ಟರಲ್ಲಿ ಅಳತೆ ಮುಗಿದಿರುತ್ತದೆ. ಊರ ಹೆಸರಿನ ಬಿಳಿ ಫಲಕದಿಂದಲೇ 50ರ ಮಿತಿ ಶುರು, ಅಲ್ಲಿಯೇ ಇಳಿಸಿ. ಯುರೋಪಿನ ನಿಯಮದಂತೆ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಆದ್ದರಿಂದ ಮುಳ್ಳು 50ರಲ್ಲಿದ್ದರೆ ಭಯವಿಲ್ಲ.

ರಸ್ತೆ ಖಾಲಿಯಿದೆಯೆಂದು ಕೆಂಪು ದಾಟಬೇಡಿ. ಕಾನೂನಿಗೆ ಅದೂ ಸಿಗ್ನಲ್ ಜಂಪೇ. ಹಲವೆಡೆ ಅದೇ ಕಂಬದಲ್ಲಿ ಪಾದಚಾರಿಗಳ ಗುಂಡಿಯೂ ಇರುತ್ತದೆ. ನಿಮ್ಮ ವೇಗಕ್ಕೆ ಬಿದ್ದ ಕೆಂಪೋ, ರಸ್ತೆ ದಾಟಲು ಅಜ್ಜಿಯೊಬ್ಬರು ಗುಂಡಿ ಒತ್ತಿದ್ದಕ್ಕೆ ಬಿದ್ದದ್ದೋ, ಸ್ಟಿಯರಿಂಗ್ ಹಿಂದೆ ಕುಳಿತವರಿಗೆ ತಿಳಿಯುವುದಿಲ್ಲ.