ಇಲ್ಲ, ನಾನು ದೆವ್ವ ನೋಡಿಲ್ಲ

ನಾನು ಹಳೆಯ ರಂಗಮಂದಿರವೊಂದರಲ್ಲಿ ಲೈಟಿಂಗ್ ನೋಡಿಕೊಳ್ಳುವವಳು. ಅದು ಗೊತ್ತಾದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಮಾತು: "ಅಲ್ಲಿ ದೆವ್ವ ಇದೆಯಂತಲ್ಲ, ನೋಡಿದ್ದೀರಾ?" ಇಲ್ಲ. ಸತ್ತ ನಟಿಯೊಬ್ಬಳು ಬಾಲ್ಕನಿಯ ಕೊನೆ ಸಾಲಿನಲ್ಲಿ ಬಂದು ಕೂರುತ್ತಾಳೆ ಅನ್ನೋ ಕಥೆ ನನಗೂ ಗೊತ್ತು. ನೋಡಿಲ್ಲ, ಅಷ್ಟೇ.

ಇಷ್ಟು ಕೇಳಿ ಸುಮ್ಮನಾದರೆ ಪರವಾಗಿಲ್ಲ. "ರಾತ್ರಿ ಒಬ್ಬರೇ ಇರ್ತೀರಿ, ಏನಾದರೂ ಆಗಿರಲೇಬೇಕು" ಅನ್ನುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಒಬ್ಬಾತ ಮೊಬೈಲ್ ಹಿಡಿದು ಬಂದು, "ವೇದಿಕೆ ಮಧ್ಯದ ಒಂಟಿ ಬಲ್ಬು ಆರಿಸಿ, ಕತ್ತಲಿದ್ದರೆ ವಿಡಿಯೊ ಚೆನ್ನಾಗಿ ಬರುತ್ತದೆ" ಅಂದ. ಆರಿಸಲಿಲ್ಲ. ಅದನ್ನು ಘೋಸ್ಟ್ ಲೈಟ್ ಅಂತ ಕರೆದರೂ ರಾತ್ರಿಯಿಡೀ ಉರಿಯುವುದು ಮನುಷ್ಯರಿಗಾಗಿ: ಕತ್ತಲಲ್ಲಿ ಒಳಗೆ ಬಂದವರು ವೇದಿಕೆಯ ಅಂಚು ಕಾಣದೆ ಕೆಳಗೆ ಬೀಳಬಾರದು. ಇದನ್ನು ಹೇಳುತ್ತಿರುವಾಗಲೇ ಮೇಲೆಲ್ಲೋ ಕಿರ್ರ್ ಅಂತು. ಅವನು ನನ್ನ ತೋಳು ಹಿಡಿದುಕೊಂಡ! ಸಭಾಂಗಣ ತುಂಬ ಜನ ಕೂತಾಗ ಗಾಳಿ ಬಿಸಿಯಾಗುತ್ತದೆ, ಅವರ ಉಸಿರಿನ ತೇವವನ್ನು ಮರ ಹೀರಿಕೊಳ್ಳುತ್ತದೆ. ಜನ ಹೋದ ಮೇಲೆ ತೊಲೆ, ಹಲಗೆ ಎಲ್ಲ ತಣ್ಣಗಾಗಿ, ಒಣಗಿ ಕುಗ್ಗುತ್ತವೆ, ಮೊಳೆ ಹೊಡೆದ ಕಡೆ ಸದ್ದಾಗುತ್ತದೆ. ಇಷ್ಟು ವಿವರಿಸುವ ಹೊತ್ತಿಗೆ ಆತ ವಿಡಿಯೊ ನಿಲ್ಲಿಸಿದ್ದ.

ಈ ಕಟ್ಟಡ ಇಷ್ಟು ಕಾಲ ಸುಡದೆ ಹೇಗೆ ಉಳಿಯಿತು ಅಂತ ಒಬ್ಬರಾದರೂ ಕೇಳಬಾರದೇ? ಬಟ್ಟೆಯ ಪರದೆ, ಬಣ್ಣ ಬಳಿದ ಸೀನು, ಮರದ ಅಟ್ಟ, ಅದರ ಪಕ್ಕದಲ್ಲೇ ಉರಿಯುವ ಗ್ಯಾಸ್ ದೀಪ: ಹಿಂದಿನ ರಂಗಮಂದಿರಗಳು ಹೀಗೇ ಇದ್ದವು. 1887ರಲ್ಲಿ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿ ಗ್ಯಾಸ್ ದೀಪದಿಂದ ಸೀನಿಗೆ ಬೆಂಕಿ ಹತ್ತಿ 186 ಜನ ಸತ್ತರು. 1903ರ ಡಿಸೆಂಬರ್ 30ರಂದು ಶಿಕಾಗೋದ ಇರೊಕ್ವಾ ಥಿಯೇಟರಿನಲ್ಲಿ ಲೈಟಿನ ಕಿಡಿ ಪರದೆಗೆ ತಗುಲಿತು. ಬೆಂಕಿ ತಡೆಯಬೇಕಿದ್ದ ಪರದೆ ಅರ್ಧಕ್ಕೇ ಸಿಕ್ಕಿಕೊಂಡಿತು. ಎಷ್ಟೋ ಬಾಗಿಲುಗಳಿಗೆ ಬೀಗ, ಉಳಿದವುಗಳ ಚಿಲಕ ತೆಗೆಯುವುದು ಜನರಿಗೆ ತಿಳಿಯಲಿಲ್ಲ. 602 ಸಾವು. ಬೆಂಕಿಗಾಗಿಯೇ ಕಾದುಕೊಂಡಿದ್ದ ಹಳೆಯ ಕಟ್ಟಡವಲ್ಲ ಅದು, ಆಗಷ್ಟೇ ತೆರೆದ ಹೊಸ ಥಿಯೇಟರ್. ಬಾಗಿಲಿಗೆ ಅಡ್ಡಲಾಗಿ ಇರುವ, ಮೈ ತಾಗಿದರೂ ತೆರೆದುಕೊಳ್ಳುವ ಸರಳು ಅಮೆರಿಕದಲ್ಲಿ ಬಳಕೆಗೆ ಬಂದಿದ್ದು ಆ ದುರಂತದ ನಂತರ. ಅದರ ಹಿಂದೆ ಇದ್ದದ್ದು ಅಂದು ಆ ಥಿಯೇಟರಿಗೆ ಹೋಗಬೇಕಿದ್ದ ಕಾರ್ಲ್ ಪ್ರಿನ್ಜ್ಲರ್ ಎಂಬ ವ್ಯಾಪಾರಿಯ ಯೋಚನೆ.

ಪ್ರದರ್ಶನಕ್ಕೆ ಮುಂಚೆ ನಾನು ಒಂದೊಂದು ಬಾಗಿಲಿನ ಸರಳನ್ನೂ ಸೊಂಟದಿಂದ ತಳ್ಳಿ ನೋಡುತ್ತೇನೆ, ಯಾಕಂದರೆ ಗಾಬರಿಯಲ್ಲಿ ಓಡುವವರಿಗೆ ಕೈ ಖಾಲಿ ಇರುವುದಿಲ್ಲ, ಕಂಕುಳಲ್ಲಿ ಮಗು ಇರುತ್ತದೆ. ಇದರ ಬಗ್ಗೆ ಕೇಳಿ, ಎಷ್ಟು ಹೊತ್ತು ಬೇಕಾದರೂ ಹೇಳುತ್ತೇನೆ.