ಬೂಟ್ ಸಮಯದಲ್ಲಿ ನೆಟ್‌ವರ್ಕ್ ತಡವಾದಾಗ ಮೊದಲು ನೋಡಬೇಕಾದದ್ದು

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿ ಲಾಗಿನ್ ಆದರೆ ನೆಟ್‌ವರ್ಕ್ ಡ್ರೈವ್‌ಗಳು ಕಾಣುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಲಾಗಿನ್ ಆದರೆ ಎಲ್ಲವೂ ಸರಿಯಿರುತ್ತದೆ ಎಂಬ ದೂರು ಸಿಸ್ಟಂ ಅಡ್ಮಿನ್ ಕೆಲಸದಲ್ಲಿ ನನಗೆ ಪದೇ ಪದೇ ಬರುತ್ತದೆ. ಇಂಥ ದೂರು ಬಂದಾಗ ವಿಂಡೋಸ್ ಮರುಸ್ಥಾಪಿಸುವುದಕ್ಕಾಗಲಿ ನೆಟ್‌ವರ್ಕ್ ಕಾರ್ಡ್ ಬದಲಿಸುವುದಕ್ಕಾಗಲಿ ನಾನು ಕೈ ಹಾಕುವುದಿಲ್ಲ. ಕೆಟ್ಟುಹೋದ ಕಾರ್ಡ್ ಐದು ನಿಮಿಷದಲ್ಲಿ ತಾನಾಗಿಯೇ ರಿಪೇರಿಯಾಗುವುದಿಲ್ಲವಾದ್ದರಿಂದ, ಇಲ್ಲಿ ಹುಡುಕಬೇಕಾದದ್ದು ಕೆಟ್ಟ ಭಾಗವನ್ನಲ್ಲ, ಯಾವುದು ಯಾವುದಕ್ಕಿಂತ ಮೊದಲು ನಡೆಯಿತು ಎಂಬುದನ್ನು.

ಅದನ್ನು ಹೇಳುವುದು, ನಡೆದದ್ದನ್ನೆಲ್ಲ ವಿಂಡೋಸ್ ಸಮಯದೊಂದಿಗೆ ಬರೆದಿಡುವ ಇವೆಂಟ್ ಲಾಗ್. ಡೊಮೇನ್ ಸಂಪರ್ಕ ನೋಡಿಕೊಳ್ಳುವ ನೆಟ್‌ಲಾಗನ್‌ನ 5719 ಮತ್ತು ಸಂಸ್ಥೆಯ ಸೆಟ್ಟಿಂಗ್‌ಗಳನ್ನು ಕಂಪ್ಯೂಟರ್‌ಗೆ ಅನ್ವಯಿಸುವ ಗ್ರೂಪ್ ಪಾಲಿಸಿಯ 1129 ಎಂಬ ದೋಷ ಸಂಖ್ಯೆಗಳು ಬೂಟ್ ಆದ ತಕ್ಷಣ ದಾಖಲಾಗಿದ್ದು, ಐಪಿ ವಿಳಾಸ ಅವುಗಳ ನಂತರ ಸಿಕ್ಕಿದ್ದರೆ, ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್ ಆದ ಡೊಮೇನ್ ಕಂಟ್ರೋಲರ್ ಅನ್ನು ಹುಡುಕುವ ಹೊತ್ತಿಗೆ ನೆಟ್‌ವರ್ಕ್ ಇನ್ನೂ ಸಿದ್ಧವಾಗಿರಲಿಲ್ಲ ಎಂದೇ ಅರ್ಥ. 169.254 ಎಂದು ಆರಂಭವಾಗುವ ವಿಳಾಸ ಕಂಡರಂತೂ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ಉತ್ತರ ಸಿಗಲಿಲ್ಲವೆಂಬುದು ಸ್ಪಷ್ಟ.

ಹಾಗಾದರೆ ತಡ ಎಲ್ಲಿ? ಅನೇಕ ಬಾರಿ ಅದು ಸ್ವಿಚ್ ಪೋರ್ಟ್‌ನಲ್ಲಿರುತ್ತದೆ. ಸ್ವಿಚ್‌ಗಳ ನಡುವೆ ಮಾಹಿತಿ ಸುತ್ತುತ್ತಲೇ ಇರುವ ಲೂಪ್ ಆಗದಂತೆ ತಡೆಯುವ ಹಳೆಯ ಸ್ಪ್ಯಾನಿಂಗ್ ಟ್ರೀ ಪದ್ಧತಿಯಲ್ಲಿ, ಕೇಬಲ್‌ನ ಲೈಟ್ ಹೊತ್ತಿಕೊಂಡ ಮೇಲೂ ಪೋರ್ಟ್ ಲಿಸನಿಂಗ್ ಹಂತದಲ್ಲಿ 15 ಸೆಕೆಂಡ್, ಲರ್ನಿಂಗ್ ಹಂತದಲ್ಲಿ ಇನ್ನೂ 15 ಸೆಕೆಂಡ್ ಕಳೆಯುವವರೆಗೆ ಮಾಹಿತಿಯನ್ನು ಮುಂದೆ ಕಳಿಸುವುದಿಲ್ಲ. ಹಳೆಯ ಹಾರ್ಡ್ ಡಿಸ್ಕ್ ನಿಧಾನವಾಗಿ ಬೂಟ್ ಆಗುತ್ತಿದ್ದ ಕಾಲದಲ್ಲಿ ಈ ಅರ್ಧ ನಿಮಿಷ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಎಸ್‌ಎಸ್‌ಡಿ ಹಾಕಿದ ಮೇಲೆ ಕಂಪ್ಯೂಟರ್ ಮುಂದೆ ಓಡಿ, ಅದೇ ಪೋರ್ಟ್ ಹಿಂದೆ ಬೀಳುತ್ತದೆ. ಅನುಮಾನ ಪರಿಹರಿಸಿಕೊಳ್ಳಲು ನಾನು ನೆಟ್‌ವರ್ಕ್ ತಂಡದ ಅನುಮತಿ ಪಡೆದು, ಗೋಡೆಯ ಪೋರ್ಟ್‌ಗೂ ಕಂಪ್ಯೂಟರ್‌ಗೂ ನಡುವೆ ಒಂದು ಸಾದಾ ಚಿಕ್ಕ ಸ್ವಿಚ್ ಇಡುತ್ತೇನೆ. ಆಗ ಕಂಪ್ಯೂಟರ್ ಆಫ್ ಆಗಿದ್ದರೂ ಮುಖ್ಯ ಪೋರ್ಟ್ ಎಚ್ಚರವಾಗಿಯೇ ಇರುವುದರಿಂದ, ತೊಂದರೆ ಮಾಯವಾದರೆ ಕಾರಣ ಆ ಪೋರ್ಟ್‌ನ ವಿಳಂಬವೆಂದು ಬಹುಮಟ್ಟಿಗೆ ಖಚಿತವಾಗುತ್ತದೆ. ಪರಿಹಾರ, ಕಂಪ್ಯೂಟರ್‌ಗಳಿಗೆ ಹೋಗುವ ಪೋರ್ಟ್‌ಗಳಲ್ಲಿ ಮಾತ್ರ ಈ ಕಾಯುವಿಕೆಯನ್ನು ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿ, ಜೊತೆಗೆ ಇನ್ನೊಂದು ಸ್ವಿಚ್‌ನ ಸ್ಪ್ಯಾನಿಂಗ್ ಟ್ರೀ ಸಂದೇಶ ಬಂದರೆ ಪೋರ್ಟ್ ಮುಚ್ಚುವ ಬಿಪಿಡಿಯು ಗಾರ್ಡ್ ಇಡುವುದು. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಪೋರ್ಟ್‌ಗೆ ಪೋರ್ಟ್‌ಫಾಸ್ಟ್ ಹಾಕಿದರೆ ಲೂಪ್ ಉಂಟಾಗಿ ಇಡೀ ನೆಟ್‌ವರ್ಕ್ ಕುಸಿಯಬಹುದು.

ಪೋರ್ಟ್ ಸರಿಪಡಿಸಿದ ಮೇಲೂ ತೊಂದರೆ ಉಳಿದರೆ ಮಾತ್ರ, ಬೂಟ್ ಮತ್ತು ಲಾಗಿನ್ ವೇಳೆ ನೆಟ್‌ವರ್ಕ್‌ಗಾಗಿ ಕಾಯಬೇಕೆಂಬ ಗ್ರೂಪ್ ಪಾಲಿಸಿಯನ್ನು ಆನ್ ಮಾಡುತ್ತೇನೆ. ಇದನ್ನೇ ಮೊದಲ ಮದ್ದಾಗಿ ಬಳಸುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಮೂಲ ಕಾರಣ ಹಾಗೇ ಉಳಿದು, ಪ್ರತಿಯೊಬ್ಬ ಬಳಕೆದಾರರೂ ದಿನವೂ ಪರದೆ ನೋಡುತ್ತಾ ಕೂರಬೇಕಾಗುತ್ತದೆ.

ಲಿನಕ್ಸ್‌ನಲ್ಲಿ, ಬೂಟ್ ವೇಳೆ ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಂಡಿಯ ನೆಟ್‌ವರ್ಕ್ ಟಾರ್ಗೆಟ್ ಎಂಬ ಹಂತ ತಲುಪಿದ ಮಾತ್ರಕ್ಕೆ ಸಂಪರ್ಕ ಸಿಕ್ಕಿದೆ ಎಂದಲ್ಲ. ಸಂಪರ್ಕ ಬೇಕೇ ಬೇಕಾದ ಸರ್ವಿಸ್‌ಗಳನ್ನು ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್‌ನ ನಂತರ ಶುರುವಾಗುವಂತೆ ಬರೆಯಬೇಕು. ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಎನ್‌ಎಫ್‌ಎಸ್ ಡ್ರೈವ್‌ಗಳಿಗಾದರೆ, ಬಳಸಿದಾಗಲೇ ಜೋಡಣೆಯಾಗುವ ಆಟೋಮೌಂಟ್ ಇನ್ನೂ ಉತ್ತಮ.

ಕೊನೆಯ ಪರೀಕ್ಷೆಯನ್ನು ಬರೀ ರೀಸ್ಟಾರ್ಟ್ ಮಾಡಿ ಮುಗಿಸಬಾರದು. ಶಟ್‌ಡೌನ್ ವೇಳೆ ಸಿಸ್ಟಂನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಉಳಿಸಿಟ್ಟು ಬೇಗ ಬೂಟ್ ಮಾಡುವ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿ ಆನ್ ಮಾಡುವುದಕ್ಕೂ ರೀಸ್ಟಾರ್ಟ್‌ಗೂ ವ್ಯತ್ಯಾಸವಿರುವುದರಿಂದ, ಎರಡೂ ಬಗೆಯಲ್ಲಿ ಬೂಟ್ ಮಾಡಿ, ಲಾಗ್‌ನಲ್ಲಿ 5719 ಮತ್ತು 1129 ಮತ್ತೆ ಬಂದಿಲ್ಲವೆಂದು ಕಂಡ ಮೇಲೆಯೇ ನಾನು ದೂರನ್ನು ಮುಚ್ಚುತ್ತೇನೆ.